ಸಂಜೆ ಏಳೂವರೆಗೆ ನೆಟ್ ಹೋಗುತ್ತೆ, ಮೆತ್ತಿನ ಮೇಲೆ ವೈಫೈ ಬರೋದೇ ಇಲ್ಲ. ಏನು ಮಾಡಲಿ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಹಳ್ಳಿ ನಮ್ಮದು. ಕೆಲಸ ಬೆಂಗಳೂರಿನ ಕಂಪನಿಯದು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಎರಡು ವರ್ಷದಿಂದ ಮನೆಯಿಂದಲೇ ಮಾಡುತ್ತಿದ್ದೇನೆ. ಫೈಬರ್ ಕನೆಕ್ಷನ್ ಇದೆ, 100 ಎಂಬಿಪಿಎಸ್ ಪ್ಲಾನ್.

ಮನೆ ಹಳೆಯದು. ಜಂಬಿಟ್ಟಿಗೆ ಕಲ್ಲಿನ ಗೋಡೆ, ಒಂದೊಂದೂ ಒಂದೂವರೆ ಅಡಿ ದಪ್ಪ. ರೌಟರ್ ಜಗಲಿಯಲ್ಲಿದೆ. ಯಾಕೆ ಅಂದರೆ ಕೇಬಲ್ ಎಳೆಯಲು ಬಂದವರು ಅಲ್ಲಿಗೇ ನಿಲ್ಲಿಸಿ ಹೋದರು. ನಾನು ಕೂರುವುದು ಮೆತ್ತಿನ ಮೇಲೆ, ಹಿಂದುಗಡೆ ಕೋಣೆಯಲ್ಲಿ. ಅಲ್ಲಿ ಸ್ಪೀಡ್ 2, ಹೆಚ್ಚೆಂದರೆ 3. ಮಳೆ ಹಿಡಿದರೆ ಅದೂ ಇಲ್ಲ.

ಇದು ಒಂದು ಗೋಳು. ಇನ್ನೊಂದು ಏನು ಅಂದರೆ, ದಿನಾ ಸಂಜೆ ಏಳೂವರೆ ಹೊತ್ತಿಗೆ ಸರಿಯಾಗಿ ನೆಟ್ ಹೋಗುತ್ತದೆ. ಮೂರು ನಾಲ್ಕು ನಿಮಿಷ ಬಿಟ್ಟು ಬರುತ್ತದೆ, ಮತ್ತೆ ಹೋಗುತ್ತದೆ. ಅಮೆರಿಕದವರ ಜೊತೆ ಮೀಟಿಂಗ್ ಇರುವುದೇ ಆ ಹೊತ್ತಿಗೆ. ಕಂಪನಿಗೆ ನಾಲ್ಕು ಸಲ ಫೋನ್ ಮಾಡಿದ್ದೇನೆ. "ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ ಮೇಡಂ, ಒಮ್ಮೆ ಆಫ್ ಮಾಡಿ ಆನ್ ಮಾಡಿ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. 300ರ ಪ್ಲಾನ್‌ಗೆ ಹೋಗೋಣ ಅಂತಿದ್ದೇನೆ. ಸರಿ ಹೋಗಬಹುದಾ?

ಸಿಟಿಹುಡುಗ:

ಮೆಶ್ ತಗೊಳ್ಳಿ. ಮನೆಯಲ್ಲಿ ಅಲ್ಲಲ್ಲಿ ಇಟ್ಟು ವೈಫೈ ಹರಡುವ ಮೂರು ಡಬ್ಬಿಯ ಸೆಟ್ ಬರುತ್ತೆ. ಪ್ಲಾನನ್ನೂ 300ಕ್ಕೆ ಏರಿಸಿಬಿಡಿ. ನಾನು ಹಾಗೇ ಮಾಡಿದೆ, ತಲೆನೋವೇ ಇಲ್ಲ.

ಹಳೇಮೋಡೆಮ್:

ಮೇಡಂ, ಸದ್ಯಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ನೀವು ಹೇಳಿದ್ದು ಎರಡು ಬೇರೆ ಬೇರೆ ಕಾಯಿಲೆ. ರಸ್ತೆಯಿಂದ ನಿಮ್ಮ ಜಗಲಿಯ ಡಬ್ಬಿವರೆಗೆ ಗಾಜಿನ ತಂತಿ. ಡಬ್ಬಿಯಿಂದ ನಿಮ್ಮ ಲ್ಯಾಪ್‌ಟಾಪ್‌ವರೆಗೆ ಗಾಳಿ. ಪ್ಲಾನ್ ಏರಿಸಿದರೆ ಜಾಸ್ತಿ ಆಗುವುದು ಮೊದಲನೆಯದು ಮಾತ್ರ. ತೋಟದ ಪೈಪ್ ಒಡೆದಿರುವಾಗ ಕೆರೆ ತುಂಬಿಸಿ ಏನು ಬಂತು?

ಮೊದಲು ಎಲ್ಲಿ ಒಡೆದಿದೆ ನೋಡಿ. ರೌಟರ್ ಪಕ್ಕ ಕೂತು, ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಚುಚ್ಚಿ, ವೈಫೈ ಆಫ್ ಮಾಡಿ ಸ್ಪೀಡ್ ನೋಡಿ. 90 ದಾಟಿದರೆ ಕಂಪನಿ ಕೊಡಬೇಕಾದ್ದು ಕೊಡುತ್ತಿದೆ ಅಂತ ಅರ್ಥ.

ಆಮೇಲೆ ಮೇಲೆ ನಿಮ್ಮ ಕೋಣೆಗೆ ಹೋಗಿ, ವೈಫೈನಲ್ಲೇ ಎರಡು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಒಂದರಲ್ಲಿ 192.168.1.1ಕ್ಕೆ ಪಿಂಗ್ ಹಾಕಿ, ಅಂದರೆ ಕೂಗಿ ಕರೆದು ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ನೋಡುವುದು. ಆ ನಂಬರ್ ನಿಮ್ಮ ರೌಟರ್‌ದು, ಕೆಲವು ಡಬ್ಬಿಗಳಲ್ಲಿ ಬೇರೆ ನಂಬರ್ ಇರುತ್ತದೆ, ಅಡಿಯಲ್ಲಿ ಚೀಟಿ ಅಂಟಿಸಿರುತ್ತಾರೆ. ಇನ್ನೊಂದರಲ್ಲಿ 8.8.8.8ಕ್ಕೆ, ಅದು ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ಸರ್ವರ್. ಕೊನೆಗೆ ಮೈನಸ್ ಟಿ (-t) ಸೇರಿಸಿದರೆ ನಿಲ್ಲದೆ ಓಡುತ್ತಿರುತ್ತದೆ. ರೌಟರ್‌ಗೇ ಪಿಂಗ್ 200, 300 ಮಿಲಿಸೆಕೆಂಡ್ ಆದರೆ, ಇಲ್ಲವೇ ನಡುನಡುವೆ ಟೈಮ್ ಔಟ್ ಬಂದರೆ, ತಪ್ಪು ಮನೆಯೊಳಗಿನ ಗಾಳಿಯದು. ರೌಟರ್‌ಗೆ 2, 3ರಲ್ಲೇ ಇದ್ದು 8.8.8.8 ಮಾತ್ರ ನಿಂತರೆ, ಆಗ ಕಂಪನಿಗೆ ಜೋರು ಮಾಡಿ.

ಏಳೂವರೆಗೆ ಹೋದಾಗ ಒಂದು ಉಪಕಾರ ಮಾಡಿ. ರೌಟರ್ ಮುಟ್ಟಬೇಡಿ. ಜಗಲಿಗೆ ಹೋಗಿ ದೀಪಗಳನ್ನು ನೋಡಿ. ಎಲ್‌ಒಎಸ್ ಅಂತ ಇರುವುದು ಕೆಂಪಾಯಿತಾ, ಅಂದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲವಾ? ಕಂಪನಿ ಜೊತೆ ಸಂಪರ್ಕ ತೋರಿಸುವ ಪಾನ್ ದೀಪ ಮಿಣುಕುತ್ತಿದೆಯಾ? ಅಥವಾ ಎಲ್ಲಾ ಒಮ್ಮೆಗೇ ಆರಿ ಹತ್ತಿತಾ? ಬ್ರೌಸರ್‌ನಲ್ಲಿ ರೌಟರ್ ನಂಬರ್ ಹೊಡೆದರೆ ಬರುವ ರೌಟರ್ ಪೇಜಿನಲ್ಲಿ ಅಪ್‌ಟೈಮ್ ಅಂತ ಇರುತ್ತದೆ, ಡಬ್ಬಿ ಆನ್ ಆಗಿ ಎಷ್ಟು ಹೊತ್ತಾಯಿತು ಅಂತ. ಅದನ್ನೂ ಬರೆದುಕೊಳ್ಳಿ.

ಮೆತ್ತಿನ ವಿಷಯ ಮಾತ್ರ ನೋಡದೆಯೇ ಹೇಳಬಲ್ಲೆ. ವೈಫೈ 5 ಮತ್ತು 2.4 ಗಿಗಾಹರ್ಟ್ಸ್ ಅಂತ ಎರಡು ಅಲೆಗಳಲ್ಲಿ ಬರುತ್ತದೆ. ಒಂದೂವರೆ ಅಡಿ ಜಂಬಿಟ್ಟಿಗೆ ಅಂದರೆ 5 ಗಿಗಾಹರ್ಟ್ಸ್ ಪಾಲಿಗೆ ಕೋಟೆ ಗೋಡೆಯೇ. 2.4 ಹೇಗೋ ತೂರಿಕೊಂಡು ಹೋಗುತ್ತದೆ, ಆದರೆ ಅಷ್ಟು ಗೋಡೆ ದಾಟಿ ಹೋದಮೇಲೆ ಅದರಲ್ಲಿ ಜೀವ ಇರುವುದಿಲ್ಲ. ಜಂಬಿಟ್ಟಿಗೆ ತೂತು ತೂತು ಕಲ್ಲು, ಮಳೆಗಾಲದಲ್ಲಿ ನೀರು ಕುಡಿದು ಕೂತಿರುತ್ತದೆ, ವೈಫೈಯನ್ನು ನುಂಗುವುದರಲ್ಲಿ ನೀರಿನಷ್ಟು ಹುಷಾರು ಬೇರೆ ಯಾವುದೂ ಇಲ್ಲ. ಮಳೆ ಹಿಡಿದರೆ ಇನ್ನೂ ಕಮ್ಮಿ ಆಗುತ್ತೆ ಅಂದಿರಲ್ಲ, ಇದೂ ಒಂದು ಕಾರಣ ಇರಬಹುದು. ಮೆಶ್ ಡಬ್ಬಿಗಳೂ ಒಂದಕ್ಕೊಂದು ಮಾತಾಡಬೇಕಾದ್ದು ಅದೇ ಗೋಡೆ ದಾಟಿ. ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಗೋಡೆ ನಾಲ್ಕೋ ಆರೋ ಇಂಚು. ಅಲ್ಲಿ ನಡೆದದ್ದು ಇಲ್ಲಿ ನಡೆಯಬೇಕು ಅಂತೇನಿಲ್ಲ.

ಸುಮ್ನೆ_ಓದುಗ:

ನಡುವೆ ಬಾಯಿ ಹಾಕುತ್ತಿದ್ದೇನೆ, ಬೈಬೇಡಿ. ನನ್ನದೂ 100ರ ಪ್ಲಾನ್. ಫೈಲ್ ಇಳಿಸುವಾಗ 11 ಅಂತ ತೋರಿಸುತ್ತೆ, ಅದರ ಮೇಲೆ ಏರಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಅಣ್ಣ 300 ಹಾಕಿಸಿದ್ದಾನೆ, ಅವನಿಗೆ 94ರ ಮೇಲೆ ಬಂದೇ ಇಲ್ಲ. ಎಲ್ಲರೂ ಸೇರಿ ಟೋಪಿ ಹಾಕುತ್ತಿದ್ದಾರಾ?

ಹಳೇಮೋಡೆಮ್:

ನಿಮ್ಮದು ಟೋಪಿ ಅಲ್ಲ, ಲೆಕ್ಕ. ಪ್ಲಾನ್ ಹೇಳುವುದು ಮೆಗಾಬಿಟ್‌ನಲ್ಲಿ. ಡೌನ್‌ಲೋಡ್ ತೋರಿಸುವುದು ಮೆಗಾಬೈಟ್‌ನಲ್ಲಿ. 8 ಬಿಟ್‌ಗೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ 12.5, ದಾರಿಖರ್ಚು ಕಳೆದು 11 ಚಿಲ್ಲರೆ. ಚೆನ್ನಾಗೇ ಬರುತ್ತಿದೆ.

ಅಣ್ಣನ ವಿಷಯದಲ್ಲಿ 94 ಅನ್ನುವ ಅಂಕಿಯೇ ಸಾಕ್ಷಿ. 100ರ ಲ್ಯಾನ್ ಪೋರ್ಟಿನಿಂದ ಗಟ್ಟಿಯಾಗಿ ಸಿಗುವುದು 94, 95. ಅಂದರೆ ದಾರಿಯಲ್ಲಿ ಎಲ್ಲೋ ಒಂದು ಪೋರ್ಟು 100ರದ್ದೇ ಇದೆ. ಇಲ್ಲವೇ ಕೇಬಲ್ ತುದಿಯಲ್ಲಿ ಎಂಟು ಎಳೆಯ ಬದಲು ನಾಲ್ಕನ್ನೇ ಕೂಡಿಸಿದ್ದಾರೆ. ಗಿಗಾಬಿಟ್ ಓಡಬೇಕಾದರೆ ಎಂಟೂ ಬೇಕು. ನಾಲ್ಕಿದ್ದರೂ ನೆಟ್ ಬರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಪಿನ್ ಬೆಳಕಿಗೆ ಹಿಡಿದು ಎಳೆ ಎಣಿಸಲು ಹೇಳಿ.

ಫೈಬರ್‌ಕೆಲಸ:

ಅಕ್ಕ, ನಾನು ಉಡುಪಿ ಕಡೆ ಇದೇ ಕೆಲಸ ಮಾಡುವವನು, ಕಂಬ ಹತ್ತುವ ಪಾರ್ಟಿ. ಮೇಲೆ ಹೇಳಿದ್ದೆಲ್ಲ ಸರಿ. ಒಂದು ಬಿಟ್ಟಿದ್ದಾರೆ. ರೌಟರ್ ಪೇಜಿನಲ್ಲಿ ಆಪ್ಟಿಕಲ್ ಅಂತ ಒಂದು ಕಡೆ ಆರ್‌ಎಕ್ಸ್ ಪವರ್ ಇರುತ್ತದೆ, ಡಬ್ಬಿಗೆ ಬಂದು ತಲುಪುವ ಬೆಳಕಿನ ಬಲ, ಮೈನಸ್ ಅಂಕಿ. ಮೈನಸ್ 27ರವರೆಗೆ ಡಬ್ಬಿ ಹೇಗೋ ಓದುತ್ತದೆ. ನಾನಂತೂ 24ರ ಒಳಗೆ ಬರದೆ ಮನೆ ಬಿಟ್ಟು ಹೊರಡುವುದಿಲ್ಲ. ಮೈನಸ್ ಹೆಚ್ಚಾದಷ್ಟೂ ಬೆಳಕು ಕಮ್ಮಿ ಅಂತ ಅರ್ಥ, ತಿರುಗಾಮುರುಗಾ ತಿಳಿಯಬೇಡಿ. 26, 27 ಇದ್ದರೆ ಮಳೆಗೆ ಒಂದು ಕೊಂಬೆ ತಾಗಿದರೂ ಸಾಕು, ಎಲ್‌ಒಎಸ್ ಕೆಂಪು.

ರೌಟರ್ ಹಿಂದೆ ಹಳದಿ ವಯರ್ ಹೇಗಿದೆ ನೋಡಿ. ನೀಟಾಗಿ ಕಾಣಲಿ ಅಂತ ರಬ್ಬರ್ ಬ್ಯಾಂಡ್ ಹಾಕಿ ಚಿಕ್ಕ ಸುರುಳಿ ಮಾಡಿದ್ದರೆ ಬಿಚ್ಚಿಬಿಡಿ. ಗಾಜು ಅದು, ತೀರಾ ಮಡಿಸಿದರೆ ಬೆಳಕು ಹೊರಗೆ ಸೋರುತ್ತದೆ. ಕಾಫಿ ಲೋಟದ ಬಾಯಿಗಿಂತ ಸಣ್ಣ ಸುರುಳಿ ಬೇಡ. ಹಸಿರು ತಲೆಯ ಪಿನ್ ಕಿತ್ತು ಅಂಗಿ ಚುಂಗಿನಿಂದ ಒರೆಸಬೇಡಿ, ಧೂಳು ಕೂತರೆ ಇನ್ನೂ ಹಾಳು. ತುದಿಯನ್ನು ಕಣ್ಣಿಗೆ ಹಿಡಿದು "ಬೆಳಕು ಬರ್ತಿದೆಯಾ" ಅಂತ ನೋಡಲೇಬೇಡಿ. 1490 ನ್ಯಾನೋಮೀಟರ್ ಬೆಳಕು, ಕಣ್ಣಿಗೆ ಕಾಣುವುದಿಲ್ಲ, ಆದರೆ ಬೀಳುತ್ತಿರುತ್ತದೆ.

ತೋಟದಮನೆ:

ಎಲ್ಲಾ ಮಾಡಿ ನೋಡಿದೆ. ಭಾನುವಾರ ಪೂರ್ತಿ ಇದಕ್ಕೇ ಹೋಯಿತು, ಅತ್ತೆ ಎರಡು ಸಲ ಊಟಕ್ಕೆ ಕರೆದರು.

ಲ್ಯಾನ್ ಚುಚ್ಚಿದರೆ 94.1. ಜಗಲಿಯಲ್ಲಿ ವೈಫೈ 5ರ ಹೆಸರಿನಲ್ಲಿ 88. ಆರ್‌ಎಕ್ಸ್ ಪವರ್ ಮೈನಸ್ 21.4. ಮೇಲೆ ನನ್ನ ಕೋಣೆಯಿಂದ ರೌಟರ್‌ಗೆ ಪಿಂಗ್ ಹಾಕಿದರೆ 4, 6, 310, ಟೈಮ್ ಔಟ್, 9, 512, ಹೀಗೆ ಓಡುತ್ತಿತ್ತು. ಅಂದರೆ ಇಷ್ಟು ದಿನ ಕಂಪನಿಯವರನ್ನು ಸುಮ್ನೆ ಬೈದಿದ್ದೇನೆ. ಅರ್ಧ ಮಟ್ಟಿಗಾದರೂ.

ಈಗ ಏಳೂವರೆ ಕಥೆ ಕೇಳಿ. ಕಾಫಿ ಹಿಡಿದುಕೊಂಡು ಜಗಲಿಯಲ್ಲಿ ಕೂತೆ. ಮಾವನವರೂ ಅಲ್ಲೇ ಅಡಿಕೆ ಹಾಕಿಕೊಂಡು ಕೂತಿದ್ದರು. 7:38ಕ್ಕೆ ಜಗಲಿಯ ಬಲ್ಬು ಸ್ವಲ್ಪ ಮಂಕಾಯಿತು. ಒಳಗೆ ಇನ್ವರ್ಟರ್ ಟಕ್ ಅಂತು. ರೌಟರ್ ದೀಪ ಎಲ್ಲಾ ಒಮ್ಮೆಗೇ ಆರಿದವು, ಆಮೇಲೆ ಒಂದೊಂದಾಗಿ ಹತ್ತಿದವು. ಇಂಟರ್ನೆಟ್ ದೀಪ ಹಸಿರಾಗಲು ಮೂರು ನಿಮಿಷ ಬೇಕಾಯಿತು. ಅಪ್‌ಟೈಮ್ ನೋಡಿದರೆ 4 ನಿಮಿಷ! ರೌಟರ್ ಆಫ್ ಮಾಡಿ ವಾರವಾಗಿತ್ತು ಅಂದುಕೊಂಡಿದ್ದೆ.

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಮಾವ, "ಲೋ ವೋಲ್ಟೇಜು. ದಿನಾ ಈ ಹೊತ್ತಿಗೆ ಹೀಂಗೇ ಅಲ್ದಾ?" ಅಂದರು. ನಾಲ್ಕು ಸಲ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದೇನೆ, ಜಗಲಿಯಲ್ಲಿ ಕೂತವರನ್ನು ಒಮ್ಮೆಯೂ ಕೇಳಿರಲಿಲ್ಲ.

ಹಳೇಮೋಡೆಮ್:

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ಇನ್ವರ್ಟರ್ ಹಿಂಬದಿ ನೋಡಿ. ಇಕೋ, ಯುಪಿಎಸ್ ಅಂತ ಒಂದು ಚಿಕ್ಕ ಸ್ವಿಚ್ ಇರಬಹುದು. ಇಕೋನಲ್ಲಿ ಇದ್ದರೆ ವೋಲ್ಟೇಜ್ ತುಂಬಾ ಕೆಳಗೆ ಹೋಗುವವರೆಗೂ ಸುಮ್ಮನಿದ್ದು, ಆಮೇಲೆ ನಿಧಾನಕ್ಕೆ ಬ್ಯಾಟರಿಗೆ ಹೊರಳುತ್ತದೆ. ಬಲ್ಬಿಗೆ ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ. ರೌಟರ್‌ಗೆ ಅಷ್ಟೇ ಸಾಕು, ಸತ್ತು ಹುಟ್ಟುತ್ತದೆ. ಯುಪಿಎಸ್‌ಗೆ ಹಾಕಿದರೆ ಬೇಗ ಹೊರಳುತ್ತದೆ. ಆದರೆ ನಿಮ್ಮ ಕಡೆ ಒಂದು ಅಪಾಯ ಇದೆ. ಆ ಮೋಡ್‌ನಲ್ಲಿ ಸಾಮಾನ್ಯವಾಗಿ 180 ವೋಲ್ಟ್‌ಗಿಂತ ಕೆಳಗೆ ಬಂದರೆ ಬ್ಯಾಟರಿಗೆ ಹೋಗಿಬಿಡುತ್ತದೆ, ಸಂಜೆ ಪೂರ್ತಿ ಲೋ ವೋಲ್ಟೇಜ್ ಇದ್ದರೆ ರಾತ್ರಿ ನಿಜವಾಗಿ ಕರೆಂಟು ಹೋಗುವಾಗ ಬ್ಯಾಟರಿ ಖಾಲಿ ಇರುತ್ತದೆ, ಆಮೇಲೆ ಅತ್ತೆ ಮಾವ ಇಬ್ಬರೂ ನಿಮ್ಮನ್ನೇ ನೋಡುತ್ತಾರೆ.

ಅದಕ್ಕೆ ನನ್ನ ಮಾತು, ಇನ್ವರ್ಟರ್ ಇದ್ದ ಹಾಗೇ ಬಿಡಿ. ರೌಟರ್‌ಗೆ ಅಂತಲೇ ಅಂಗೈ ಗಾತ್ರದ ಮಿನಿ ಯುಪಿಎಸ್ ಸಿಗುತ್ತದೆ. ಅಡಾಪ್ಟರ್‌ಗೂ ರೌಟರ್‌ಗೂ ಮಧ್ಯೆ ಕೂರಿಸುವುದು. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಏನು ಬರೆದಿದೆ ನೋಡಿ. 12 ವೋಲ್ಟ್, 1 ಆಂಪ್ ಅಂತಲೋ 1.5 ಅಂತಲೋ ಇರುತ್ತದೆ. ವೋಲ್ಟ್ ಸರಿಯಾಗಿ ಅದೇ ಇರಬೇಕು, ಆಂಪ್ ಅಷ್ಟಾದರೂ ಇರಬೇಕು.

ಮೆತ್ತಿಗೆ ಲ್ಯಾನ್ ಕೇಬಲ್ ಎಳೆಯಿರಿ. ಗೋಡೆ ಜೊತೆ ಗಾಳಿ ಗುದ್ದಾಡುವುದು ಬೇಡ. 100 ಮೀಟರ್‌ವರೆಗೂ ಏನೂ ತೊಂದರೆ ಇಲ್ಲ. ಮೇಲೆ ಕೇಬಲ್ ತುದಿಗೆ ಹಾಕಲು ಹಳೇ ರೌಟರ್ ಯಾವುದಾದರೂ ಇದೆಯಾ? ಅದರ ವಿಳಾಸ 192.168.1.2 ಮಾಡಿ, ಮನೆಯ ಫೋನು ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ವ್ಯಾನ್ (WAN) ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೇ ಹಾಕಿ. ಡಿಎಚ್‌ಸಿಪಿ ಆಫ್ ಮಾಡುವುದನ್ನು ಮರೆತರೆ ಎರಡೂ ಡಬ್ಬಿ ವಿಳಾಸ ಹಂಚಲು ಶುರು ಮಾಡಿ, ಒಂದು ಮದುವೆಗೆ ಇಬ್ಬರು ಪುರೋಹಿತರು ಬಂದ ಹಾಗೆ ಆಗುತ್ತದೆ. ಕೇಬಲ್ ಮನೆಯೊಳಗೇ ಹೋಗಲಿ, ಅಂಗಳದ ಮೇಲೆ ತೂಗಬೇಡಿ. ತಾಮ್ರ ಅದು, ನಿಮ್ಮ ಕಡೆ ಸಿಡಿಲು ಹೇಗೆ ಅಂತ ನಾನು ಹೇಳಬೇಕಾ? ಫೈಬರ್‌ಗೆ ಆ ಭಯ ಇಲ್ಲ.

ಫೈಬರ್‌ಕೆಲಸ:

ಗಾಜಿಗೆ ಭಯ ಇಲ್ಲ ಅನ್ನುವುದು ಸರಿ, ಆದರೆ ಕಂಬದಿಂದ ಬರುವ ಕರಿ ಕೇಬಲ್ಲಿನಲ್ಲಿ ಜಗ್ಗದಿರಲಿ ಅಂತ ಉಕ್ಕಿನ ತಂತಿ ಇರುವುದುಂಟು. ಅದನ್ನು ಮನೆ ಹೊರಗೇ ಕತ್ತರಿಸಿ ಬಿಡಬೇಕು, ಒಳಗೆ ತರಬಾರದು. ಸುಮಾರು ಜನ ಸೋಮಾರಿತನಕ್ಕೆ ಹಾಗೇ ತಂದುಬಿಡುತ್ತಾರೆ. ಒಮ್ಮೆ ನೋಡಿಸಿ ಅಕ್ಕ.

ಇನ್ನೊಂದು. ನಿಮ್ಮದು ಜಿಪಾನ್ ಲೈನ್, ಅಂದರೆ ಒಂದೇ ಫೈಬರನ್ನು ಹಲವು ಮನೆಗೆ ಹಂಚಿದ್ದು, ಆಗಿದ್ದರೆ ದಾರಿಯಲ್ಲಿ ಬೆಳಕು ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಅಲ್ಲಿ ಎಕ್ಸ್‌ಚೇಂಜ್ ಕಡೆ ಬ್ಯಾಟರಿ, ಇಲ್ಲಿ ನಿಮ್ಮ ಮಿನಿ ಯುಪಿಎಸ್, ಎರಡೂ ಇದ್ದರೆ ಇಡೀ ಊರಿಗೆ ಕರೆಂಟ್ ಹೋದರೂ ನಿಮಗೆ ನೆಟ್ ಇರುತ್ತದೆ.

ತೋಟದಮನೆ:

ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ. ಮೊದಲೇ ಬರೆದು ದೃಷ್ಟಿ ತಾಗಿಸಿಕೊಳ್ಳುವುದು ಬೇಡ ಅಂತ ಕಾದೆ.

22 ಮೀಟರ್ ಕೇಬಲ್ ಸಾಕಾಯಿತು. ಗೋಡೆ ಕೊರೆಯಲಿಲ್ಲ. ನಡುಮನೆಯ ಬಾಗಿಲ ಮೇಲಿನಿಂದ ತಂದು, ಮೆತ್ತಿನ ಹಲಗೆ ಸಂದಿಯಲ್ಲಿ ತೂರಿಸಿದೆವು. ಕೆಳಗಿನಿಂದ ಮಾವ ತಳ್ಳಿದರು, ಮೇಲಿಂದ ನಾನು ಎಳೆದೆ. ಪಿ.ಜಿ.ಯಲ್ಲಿದ್ದಾಗಿನ ಹಳೇ ರೌಟರ್ ಪೆಟ್ಟಿಗೆಯಲ್ಲಿತ್ತು, ಅದನ್ನೇ ಹಾಕಿದೆ. ಡಿಎಚ್‌ಸಿಪಿ ಆಫ್ ಮಾಡುವ ಮುಂಚೆಯೇ ಕೇಬಲ್ ಚುಚ್ಚಿದ್ದರಿಂದ ಅರ್ಧ ಗಂಟೆ ಇಬ್ಬರು ಪುರೋಹಿತರ ಜಗಳ ನೋಡಬೇಕಾಯಿತು. ಈಗ ನನ್ನ ಕೋಣೆಯಲ್ಲಿ 5ರಲ್ಲಿ 85, 2.4ರಲ್ಲಿ 40ರ ಸುಮಾರು. ರೌಟರ್‌ಗೆ ಪಿಂಗ್ 2, 3.

ಮಿನಿ ಯುಪಿಎಸ್ ಬಂದ ಮೇಲೆ ಏಳೂವರೆಗೆ ಬಲ್ಬು ಮಂಕಾಗುತ್ತೆ, ಇನ್ವರ್ಟರ್ ಟಕ್ ಅನ್ನುತ್ತೆ, ಮೀಟಿಂಗ್ ನಡೆಯುತ್ತಲೇ ಇರುತ್ತೆ. ಅಪ್‌ಟೈಮ್ 9 ದಿನ. ಉಕ್ಕಿನ ತಂತಿ ನಿಜವಾಗಿಯೂ ಜಗಲಿವರೆಗೆ ಬಂದಿತ್ತು, ಲೈನ್‌ನವರನ್ನು ಕರೆಸಿ ಕತ್ತರಿಸಿ ಹಾಕಿಸಿದೆ. ಪ್ಲಾನ್ 100ರಲ್ಲೇ ಇದೆ.

ಉಳಿದಿರುವುದು ಮಂಗಗಳು. ಕಂಬದಿಂದ ಬರುವ ಕೇಬಲ್ ಮೇಲೆ ಜೋತಾಡುತ್ತವೆ. ಅದಕ್ಕೆ ಏನಾದರೂ ಇದೆಯಾ?

ಫೈಬರ್‌ಕೆಲಸ:

ಅದಕ್ಕೆ ನಮ್ಮಲ್ಲೂ ಇಲ್ಲ ಅಕ್ಕ. ಕಂಬದ ಹತ್ತಿರ ನಾಲ್ಕೈದು ಮೀಟರ್ ಜಾಸ್ತಿ ಕೇಬಲ್ ಸುತ್ತಿ ಇಡಲು ಹೇಳಿ. ತುಂಡಾದರೆ ಹೊಸದು ಎಳೆಯುವ ಬದಲು ಅಲ್ಲೇ ಜೋಡಿಸಬಹುದು.

ಸಿಟಿಹುಡುಗ:

ಮೆಶ್ ಡಬ್ಬಿ ಯಾರಿಗಾದರೂ ಬೇಕಾದರೆ ಹೇಳಿ. ನನ್ನ ಮೂರರಲ್ಲಿ ಒಂದು ಸುಮ್ನೆ ಬಿದ್ದಿದೆ.