ಹುಡುಗಿ ಹೊಡೆದರೆ ನಗು ಏಕೆ? ಮಾಂಗಾ ಓದುವವರಲ್ಲಿ ಒಂದು ಪ್ರಶ್ನೆ

ದಾವಣಗೆರೆ ಓದುಗ:
ಎರಡು ವರ್ಷ ಒಬ್ಬಳನ್ನು ಪ್ರೀತಿಸಿದೆ. ದಿನವೂ ನನ್ನ ಮೊಬೈಲ್ ಕಿತ್ತುಕೊಂಡು ಸಂದೇಶಗಳನ್ನು ಓದುತ್ತಿದ್ದಳು. ಒಮ್ಮೆ ಬಸ್ ನಿಲ್ದಾಣದಲ್ಲಿ ಎಲ್ಲರೆದುರು ಕೆನ್ನೆಗೆ ಬಾರಿಸಿದಳು. ಗೆಳೆಯರಿಗೆ ಹೇಳಿದರೆ ನಕ್ಕರು. ಆ ದಿನಗಳಲ್ಲಿ ನಾನು ಓದುತ್ತಿದ್ದುದು 2017ರಲ್ಲಿ ಶುರುವಾದ 'ನಾಗಟೊರೊ' ಎಂಬ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ. ಅದರ ಮೊದಲ ಅಧ್ಯಾಯದಲ್ಲೇ ಕಿರಿಯ ತರಗತಿಯ ಹುಡುಗಿ ನಾಗಟೊರೊ ಒಬ್ಬ ಸಂಕೋಚದ ಹುಡುಗನನ್ನು ಅಳುವವರೆಗೂ ಕಾಡಿಸಿ, ಆಮೇಲೆ ಕರವಸ್ತ್ರ ತೆಗೆದು ತಾನೇ ಕಣ್ಣೊರೆಸುತ್ತಾಳೆ. ಪ್ರೀತಿ ಮೊಳೆಯುವುದೇ ಹೀಗೆ ಎಂದು ನಂಬಿ ಓದಿದ್ದೆ. ಈಗ ಆ ಪುಟ ತೆರೆಯಲು ಮನಸ್ಸು ಬರುವುದಿಲ್ಲ. ಗಂಡು ಹೆಣ್ಣಿನ ಪಾತ್ರ ಅದಲುಬದಲಾದ ಕೂಡಲೇ ನೋವು ತಮಾಷೆಯಾಗುವುದೇಕೆ? ಹಾಗಾಗದ ಕಥೆ ಇದ್ದರೆ ದಯವಿಟ್ಟು ತಿಳಿಸಿ.

ಹಾಸ್ಟೆಲ್ ಕೋಣೆ 14:
ತಮ್ಮ, ಏಟು ಏಟೇ. ನಕ್ಕವರದು ತಪ್ಪು.
ನಾನು ಪಿಯುಸಿಯಲ್ಲಿದ್ದಾಗ ಓದಿದ್ದು 1992ರಲ್ಲಿ ಆರಂಭವಾದ 'ಹಾನಾ ಯೊರಿ ದಾಂಗೊ'. ಶ್ರೀಮಂತರ ಮಗ ದೊಮ್ಯೋಜಿಯ ಗುಂಪು ಯಾರಿಗೆ ಕೆಂಪು ಚೀಟಿ ಕೊಡುತ್ತದೋ ಅವರನ್ನು ಇಡೀ ಶಾಲೆ ಹಿಂಸಿಸುತ್ತದೆ. ಕಥಾನಾಯಕಿ ತ್ಸುಕುಶಿ ಅವನಿಗೆ ತಿರುಗಿ ಹೊಡೆದಾಗ ಹಾಸ್ಟೆಲ್ ಮಂಚದ ಮೇಲೆ ಕುಣಿದಿದ್ದೆ. ಅವನು ಅವಳನ್ನು ಬಲವಂತವಾಗಿ ಹಿಡಿದ ಪುಟವನ್ನು ಮಾತ್ರ ಬೇಗಬೇಗ ದಾಟಿದೆ, ಕಥಾನಾಯಕ ಅವನೇ ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಗೋಡೆಗೆ ಕೈ ಊರಿ ಹುಡುಗಿಯನ್ನು ತಡೆದು ನಿಲ್ಲಿಸುವುದಕ್ಕೆ ಜಪಾನಿನಲ್ಲಿ 'ಕಬೆದೊನ್' ಎಂಬ ಹೆಸರೇ ಇದೆ. 2014ರಲ್ಲಿ ಅದು ಅಲ್ಲಿನ ವರ್ಷದ ಹತ್ತು ಜನಪ್ರಿಯ ಪದಗಳಲ್ಲಿ ಒಂದಾಗಿತ್ತು!
ನೀವು ಯೊಶಿನಾಗಾ ಫುಮಿಯವರ 'ಓಓಕು' ಓದಬೇಕು. ಸಿಡುಬಿನಂಥ ರೋಗಕ್ಕೆ ಹುಡುಗರು ಸತ್ತು, ಹೆಂಗಸರ ಕಾಲು ಪಾಲಿನಷ್ಟೇ ಗಂಡಸರು ಉಳಿದ, ಹಳೆಯ ಜಪಾನಿನ ಎಡೊ ಕಾಲ. ಆಳುವ ಶೋಗನ್ (ಸೇನಾ ದೊರೆ) ಹೆಣ್ಣು, ಅಂತಃಪುರದ ತುಂಬ ಗಂಡಸರು. ಮದುವೆಯಾಗದ ಶೋಗನ್ ಜೊತೆ ಮೊದಲು ಮಲಗಿದವನಿಗೆ ಮರಣದಂಡನೆ. ಅಲ್ಲಿ ಯಾರ ನೋವಿಗೂ ನಗಲು ಬಿಡುವುದಿಲ್ಲ ಲೇಖಕಿ.

ಮಲೆನಾಡ ಮಳೆ:
ನಾಗಟೊರೊಳನ್ನು ಅಷ್ಟಕ್ಕೇ ಅಳೆಯಬೇಡಿ. ಆ ಹುಡುಗನನ್ನು ಬೇರೆಯವರು ಕಾಡಿಸಿದರೆ ಅವಳೇ ಅಡ್ಡ ಬರುತ್ತಾಳೆ. ಹೋಗುತ್ತಾ ಹೋಗುತ್ತಾ ಕಾಟ ಮೆತ್ತಗಾಗುತ್ತದೆ, ಅವನೂ ತಿರುಗಿ ಮಾತನಾಡಲು ಕಲಿಯುತ್ತಾನೆ. ನನ್ನಂಥ ಮಾತು ಬಾರದವನಿಗೆ ಅದು ಧೈರ್ಯ ಕೊಟ್ಟ ಕಥೆ.

ದಾವಣಗೆರೆ ಓದುಗ:
ನಿಮಗೆ ಧೈರ್ಯ ಕೊಟ್ಟಿದ್ದರೆ ಸಂತೋಷ. ನನಗೆ ಆ ಕರವಸ್ತ್ರವೇ ಕಷ್ಟ. ಇವಳೂ ಕೆನ್ನೆಗೆ ಹೊಡೆದ ಹತ್ತು ನಿಮಿಷಕ್ಕೆ ಎಳನೀರು ತಂದುಕೊಟ್ಟಳು. ಅದಕ್ಕಾಗಿಯೇ ಇನ್ನೂ ಎಂಟು ತಿಂಗಳು ಅವಳ ಜೊತೆ ಉಳಿದೆ.
ಅಕ್ಕ, 'ಓಓಕು' ಮೊದಲ ಸಂಪುಟ ನಿನ್ನೆ ರಾತ್ರಿ ಮುಗಿಸಿದೆ. ಮರಣದಂಡನೆ ಕಾದಿರುವ ಮಿಜುನೊನನ್ನು ಶೋಗನ್ ಯೊಶಿಮುನೆ ಸತ್ತನೆಂದೇ ಲೋಕಕ್ಕೆ ತಿಳಿಸಿ, ಬೇರೆ ಹೆಸರಿನಲ್ಲಿ ಬದುಕಲು ಹೊರಗೆ ಕಳಿಸುತ್ತಾಳಲ್ಲ, ಆ ಪುಟದಲ್ಲಿ ತುಂಬ ಹೊತ್ತು ನಿಂತೆ. ನಾನೂ ಕಳೆದ ತಿಂಗಳು ಮೊಬೈಲ್ ಸಂಖ್ಯೆ ಬದಲಿಸಿದ್ದೇನೆ.