ನಾಸ್‌ಗೆ ಹಾಕಿದ ಹೊಸ ಸಂಗೀತ ತಂತ್ರಾಂಶದಲ್ಲಿ ಕಾಣುತ್ತಿಲ್ಲ: ಅನುಭವ ಇರುವವರು ತಿಳಿಸಿ

ವಿಜಯನಗರದಿಂದ ಪ್ರಶ್ನೆ

ಅಪ್ಪ ನಲವತ್ತು ವರ್ಷ ಕೂಡಿಟ್ಟ ಕಛೇರಿಗಳ ಕ್ಯಾಸೆಟ್‌ಗಳನ್ನು ಒಂದೊಂದಾಗಿ ಡಿಜಿಟಲ್ ಮಾಡಿ ಮನೆಯ ನಾಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಎಲ್ಲ ಕಂಪ್ಯೂಟರುಗಳಿಂದಲೂ ಬಳಸಬಹುದಾದ ಡಿಸ್ಕ್ ಪೆಟ್ಟಿಗೆ) ಇಡುತ್ತಿದ್ದೇನೆ. ಹಾಡು ನುಡಿಸುವ ತಂತ್ರಾಂಶ ಇರುವುದು ಬೇರೊಂದು ಪುಟ್ಟ ಲಿನಕ್ಸ್ ಕಂಪ್ಯೂಟರಿನಲ್ಲಿ. ಲ್ಯಾಪ್‌ಟಾಪಿನಿಂದ ನಾಸ್‌ಗೆ ಹೊಸ ಫೋಲ್ಡರ್ ಹಾಕಿದರೆ ಆ ತಂತ್ರಾಂಶಕ್ಕೆ ಗೊತ್ತೇ ಆಗುವುದಿಲ್ಲ. ಬದಲಾವಣೆಯನ್ನು ತಾನಾಗಿ ಗುರುತಿಸುವ ಆಯ್ಕೆ ಆನ್ ಆಗಿಯೇ ಇದೆ. ‘ನಿನ್ನೆ ಹಾಕಿದ ತೋಡಿ ಎಲ್ಲಿ?’ ಎಂದು ಅಪ್ಪ ದಿನವೂ ಕೇಳುತ್ತಾರೆ. ಏನು ಮಾಡಲಿ?

ಬಸವನಗುಡಿಯಿಂದ

ನಿಮ್ಮ ಆಯ್ಕೆಯಲ್ಲಿ ತಪ್ಪಿಲ್ಲ, ತಂತ್ರಾಂಶವೂ ಕೆಟ್ಟಿಲ್ಲ. ಇದೇ ತೊಂದರೆಯಲ್ಲಿ ನಾನು ಎರಡು ವಾರ ಕಳೆದಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಲಿನಕ್ಸ್‌ನಲ್ಲಿ ಫೈಲ್ ಬದಲಾದ ಸುದ್ದಿಯನ್ನು ತಂತ್ರಾಂಶಗಳಿಗೆ ಮುಟ್ಟಿಸುವುದು ‘ಐನೋಟಿಫೈ’ ಎಂಬ ವ್ಯವಸ್ಥೆ. 2005ರಲ್ಲಿ ಬಂದ 2.6.13 ಕರ್ನಲ್‌ನಿಂದ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು) ಅದು ಇದೆ. ತಾನಿರುವ ಕಂಪ್ಯೂಟರಿನ ಕರ್ನಲ್ ಮೂಲಕ ನಡೆದ ಬದಲಾವಣೆ ಮಾತ್ರ ಅದಕ್ಕೆ ತಿಳಿಯುತ್ತದೆ. ಅಪಾರ್ಟ್‌ಮೆಂಟಿನ ಕಾವಲುಗಾರ ತನ್ನ ಗೇಟಿನಲ್ಲಿ ಬಂದುಹೋದವರನ್ನಷ್ಟೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಪಕ್ಕದ ಕಟ್ಟಡಕ್ಕೆ ಬಂದವರ ಲೆಕ್ಕ ಅವನಲ್ಲಿ ಸಿಗುವುದಿಲ್ಲ. ನೀವು ಲ್ಯಾಪ್‌ಟಾಪಿನಿಂದ ನೇರವಾಗಿ ನಾಸ್‌ಗೆ ಬರೆದಾಗ ನಿಮ್ಮ ಪುಟ್ಟ ಕಂಪ್ಯೂಟರಿನ ಗೇಟನ್ನು ಯಾರೂ ದಾಟಿಯೇ ಇಲ್ಲ. ಐನೋಟಿಫೈಯ ಕೈಪಿಡಿಯಲ್ಲೇ ಈ ಮಿತಿಯನ್ನು ಹೇಳಿದ್ದಾರೆ.

ಖಚಿತಪಡಿಸಿಕೊಳ್ಳಲು ಐದು ನಿಮಿಷ ಸಾಕು. ಒಂದು ಹಾಡನ್ನು ಆ ಲಿನಕ್ಸ್ ಕಂಪ್ಯೂಟರಿನಿಂದಲೇ, ಮೌಂಟ್ ಆದ (ಅಂದರೆ ನಾಸ್ ಜೋಡಣೆಯಾಗಿರುವ) ಫೋಲ್ಡರಿನೊಳಗೆ ಹಾಕಿ. ಇನ್ನೊಂದನ್ನು ಲ್ಯಾಪ್‌ಟಾಪಿನಿಂದ ನಾಸ್‌ಗೆ ಹಾಕಿ. ಮೊದಲನೆಯದು ಕಾಣಿಸಿ ಎರಡನೆಯದು ಕಾಣಿಸದಿದ್ದರೆ ಕಾರಣ ಇದೇ. ನಾನು ಈ ಪರೀಕ್ಷೆಯನ್ನು ಮಾಡದೆ, ಎಷ್ಟು ಫೋಲ್ಡರುಗಳನ್ನು ಕಾಯಬಹುದು ಎಂಬ ಮಿತಿಯನ್ನು ಹೆಚ್ಚಿಸುತ್ತಾ ಕುಳಿತಿದ್ದೆ. ಹಳೆಯ ಕರ್ನಲ್‌ಗಳಲ್ಲಿ ಅದು 8192 ಇರುತ್ತಿತ್ತು. ದೊಡ್ಡ ಸಂಗ್ರಹ ಅದೇ ಕಂಪ್ಯೂಟರಿನ ಡಿಸ್ಕಿನಲ್ಲಿದ್ದರೆ ಆ ಮಿತಿ ಮುಖ್ಯ, ನಿಮ್ಮ ತೊಂದರೆಗೆ ಮದ್ದಲ್ಲ.

ಮದ್ದು ಎಂದರೆ, ಸುದ್ದಿ ಬರಲಿ ಎಂದು ಕಾಯಿಸದೆ ತಂತ್ರಾಂಶವನ್ನೇ ಹೋಗಿ ನೋಡುವಂತೆ ಮಾಡುವುದು. ನನ್ನ ಮನೆಯಲ್ಲಿ ರಾತ್ರಿ 3 ಗಂಟೆಗೆ ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಮೂಲಕ ಒಮ್ಮೆ ಸ್ಕ್ಯಾನ್ ನಡೆಯುತ್ತದೆ. ಜೊತೆಗೆ, ನಾಸ್‌ಗೆ ನಕಲು ಮಾಡುವ ಸ್ಕ್ರಿಪ್ಟಿನ (ಸಾಲಾಗಿ ಆದೇಶ ಬರೆದಿಟ್ಟ ಫೈಲಿನ) ಕೊನೆಯ ಸಾಲಿನಲ್ಲೇ ಸ್ಕ್ಯಾನ್ ಮಾಡಲು ಆದೇಶ ಕೊಟ್ಟಿದ್ದೇನೆ. ಎಂಪಿಡಿ ಎಂಬ ಸಂಗೀತ ತಂತ್ರಾಂಶ ಬಳಸುವವರಾದರೆ ‘ಎಂಪಿಸಿ ಅಪ್‌ಡೇಟ್’ ಎಂಬ ಒಂದು ಆದೇಶ ಸಾಕು.

ಒಂದು ತೊಡಕು ಮಾತ್ರ ಉಳಿಯುತ್ತದೆ. ಹಾಡಿನ ಫೈಲಿನೊಳಗೆ ಬರೆದಿರುವ ರಾಗದ ಹೆಸರನ್ನೋ ಕಲಾವಿದರ ಹೆಸರನ್ನೋ (ಇವೇ ಟ್ಯಾಗ್‌ಗಳು) ತಿದ್ದಿದಾಗ ಫೈಲು ಕೊನೆಗೆ ಬದಲಾದ ಸಮಯ ಬದಲಾಗುತ್ತದೆ, ಫೋಲ್ಡರಿನ ಸಮಯ ಬದಲಾಗದೆ ಇರಬಹುದು. ಫೋಲ್ಡರಿನ ಸಮಯವನ್ನಷ್ಟೇ ನೋಡುವ ತಂತ್ರಾಂಶ ಆ ತಿದ್ದುಪಡಿಯನ್ನು ಬಿಟ್ಟು ಮುಂದೆ ಹೋಗುತ್ತದೆ. ಕೆಲವು ಟ್ಯಾಗ್ ಸಂಪಾದಕಗಳಲ್ಲಿ ಫೈಲಿನ ಹಳೆಯ ಸಮಯವನ್ನೇ ಉಳಿಸುವ ಆಯ್ಕೆಯೂ ಇರುತ್ತದೆ, ಅದನ್ನು ಆಫ್ ಮಾಡಿ. ಆಗಲೂ ಬಾರದಿದ್ದರೆ ಪೂರ್ಣ ಸ್ಕ್ಯಾನ್ ಮಾಡಿಸಿ. ಎಂಪಿಡಿಯಲ್ಲಿ ಅದು ‘ರೀಸ್ಕ್ಯಾನ್’.

ರಾಜಾಜಿನಗರದಿಂದ

ನಾಸ್ ಅನ್ನು ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ಪದ್ಧತಿಯಲ್ಲಿ ಮೌಂಟ್ ಮಾಡಿದ್ದರೆ ನಕಲು ಮುಗಿದ ಕೂಡಲೇ ಸ್ಕ್ಯಾನ್ ಮಾಡಬೇಡಿ. ಅದು ಫೋಲ್ಡರಿನ ವಿವರಗಳನ್ನು ಸಾಮಾನ್ಯವಾಗಿ 30ರಿಂದ 60 ಸೆಕೆಂಡು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಸ್ಕ್ರಿಪ್ಟಿನಲ್ಲಿ ಒಂದು ನಿಮಿಷ ಕಾಯುವ ಸಾಲು ಸೇರಿಸಿ.

ಮಲ್ಲೇಶ್ವರದಿಂದ

ಬಸವನಗುಡಿಯವರು ಹೇಳಿದ ರಾತ್ರಿ ಸ್ಕ್ಯಾನ್ ಹಾಕುವ ಮೊದಲು ನನ್ನ ನಷ್ಟವನ್ನು ದಯವಿಟ್ಟು ಕೇಳಿ. ಮೇ ತಿಂಗಳ ಒಂದು ಸಂಜೆ ಮಳೆಗೆ ಕರೆಂಟ್ ಹೋಗಿ ಬಂತು. ಪುಟ್ಟ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಎದ್ದಿತು, ನಾಸ್ ಏಳಲು ನಾಲ್ಕೈದು ನಿಮಿಷ ಬೇಕು. ಮೌಂಟ್ ಆಗಲಿಲ್ಲ. ರಾತ್ರಿಯ ಸ್ಕ್ಯಾನ್ ಬರಿದಾದ ಫೋಲ್ಡರನ್ನು ನೋಡಿ, ಹಾಡುಗಳೆಲ್ಲ ಅಳಿದುಹೋಗಿವೆ ಎಂದು ತಿಳಿದು ಪಟ್ಟಿಯನ್ನೆಲ್ಲ ಒರೆಸಿಹಾಕಿತು. ಫೈಲುಗಳು ನಾಸ್‌ನಲ್ಲಿ ಸುರಕ್ಷಿತವಾಗಿದ್ದವು. ಆದರೆ ನನ್ನ ಪತ್ನಿ ಮೂರು ವರ್ಷ ಗುರುತು ಹಾಕಿಟ್ಟಿದ್ದ ಮೆಚ್ಚಿನ ಹಾಡುಗಳ ಪಟ್ಟಿ ಹೋಯಿತು. ಅದು ನನಗೆ ಇಂದಿಗೂ ನೋವು.

ಈಗ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ‘ಮೌಂಟ್‌ಪಾಯಿಂಟ್’ ಆದೇಶದಿಂದ ನಾಸ್ ಜೋಡಣೆಯಾಗಿದೆಯೇ ಎಂದು ನೋಡುತ್ತೇನೆ, ಇಲ್ಲದಿದ್ದರೆ ಸ್ಕ್ಯಾನ್ ನಡೆಯುವುದಿಲ್ಲ. ತಂತ್ರಾಂಶದ ದತ್ತಾಂಶ ಫೈಲಿನ ನಕಲನ್ನು ವಾರಕ್ಕೊಮ್ಮೆ ಬೇರೆಡೆ ಇಡುತ್ತೇನೆ. ನಾಸ್‌ಗೂ ಯುಪಿಎಸ್ ಕೊಟ್ಟಿದ್ದೇನೆ. ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ನಡೆಸುವ ಡಾಕರ್ ಬಳಸುವವರು ಇನ್ನೊಂದನ್ನು ಗಮನಿಸಬೇಕು: ಮೌಂಟ್ ಆಗುವ ಮೊದಲೇ ಕಂಟೇನರ್ ಶುರುವಾದರೆ, ಆಮೇಲೆ ಮೌಂಟ್ ಆದರೂ ಅದಕ್ಕೆ ಬರಿದಾದ ಫೋಲ್ಡರೇ ಕಾಣುತ್ತಿರಬಹುದು. ಕಂಟೇನರನ್ನು ಮತ್ತೆ ಶುರುಮಾಡಿ.

ಜೆ.ಪಿ. ನಗರದಿಂದ

ಫೋಲ್ಡರುಗಳ ಹೆಸರು ಕನ್ನಡದಲ್ಲಿದೆಯೇ? ಹಾಗಿದ್ದರೆ ಇದನ್ನೂ ನೋಡಿ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ತೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ನಾಸ್‌ಗೆ ಎರಡು ಬೇರೆ ಹೆಸರುಗಳು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಬಿಡಿಸಿದ ರೂಪವನ್ನು ಉಳಿಸುತ್ತವೆ. ನನ್ನಲ್ಲಿ ತೋಡಿ, ಕಾಂಬೋಜಿ, ಭೈರವಿ ಎರಡೆರಡು ಫೋಲ್ಡರುಗಳಾಗಿದ್ದವು. ಕಲ್ಯಾಣಿ, ಹಂಸಧ್ವನಿ ಒಂದೊಂದೇ ಇದ್ದವು, ಏಕೆಂದರೆ ಅವುಗಳಲ್ಲಿ ಹಾಗೆ ಬಿಡಿಸಬಲ್ಲ ಚಿಹ್ನೆಗಳಿಲ್ಲ. ಕಾರಣ ಹೊಳೆದದ್ದೇ ಈ ವ್ಯತ್ಯಾಸದಿಂದ.

‘ಕನ್ವ್‌ಎಂವಿ’ ಎಂಬ ಸಲಕರಣೆ ಎಲ್ಲ ಹೆಸರುಗಳನ್ನೂ ಕೂಡಿಸಿದ ರೂಪಕ್ಕೆ ತರುತ್ತದೆ. ಅದು ಮೊದಲು ಏನೇನು ಬದಲಾಗಲಿದೆ ಎಂದು ತೋರಿಸುತ್ತದಷ್ಟೇ, ನೀವು ಬೇರೆಯಾಗಿ ಹೇಳುವವರೆಗೆ ಏನನ್ನೂ ಮುಟ್ಟುವುದಿಲ್ಲ. ಆ ಪಟ್ಟಿಯನ್ನು ಪೂರ್ತಿ ಓದಿ.

ವಿಜಯನಗರದಿಂದ

ಎಲ್ಲರಿಗೂ ವಂದನೆಗಳು. ಪರೀಕ್ಷೆ ಮಾಡಿದೆ, ಬಸವನಗುಡಿಯವರು ಹೇಳಿದಂತೆಯೇ ಆಯಿತು. ಮೌಂಟ್ ನೋಡಿ, ಒಂದು ನಿಮಿಷ ಕಾದು, ಆಮೇಲೆ ಸ್ಕ್ಯಾನ್ ಮಾಡುವ ಸ್ಕ್ರಿಪ್ಟ್ ಬರೆದಿದ್ದೇನೆ. ತೋಡಿ ನನ್ನಲ್ಲೂ ಎರಡಿತ್ತು! ಕ್ಯಾಸೆಟ್ಟಿನ ಮೊದಲ ಬದಿಯನ್ನು ಮಗಳ ಹಳೆಯ ಮ್ಯಾಕ್‌ನಲ್ಲಿ, ಎರಡನೆಯದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಮಾಡಿದ್ದೆ. ಎರಡನ್ನೂ ಕೈಯಿಂದಲೇ ಒಂದುಗೂಡಿಸಿದೆ. ಇಂದು ಬೆಳಿಗ್ಗೆ ಅಪ್ಪ ಕಾಫಿ ಆರಿದ್ದನ್ನೂ ಗಮನಿಸದೆ ತನಿ ಆವರ್ತನ ಮುಗಿಯುವವರೆಗೆ ಕುಳಿತಿದ್ದರು. ಇನ್ನೂ ನೂರಾ ಹತ್ತು ಕ್ಯಾಸೆಟ್‌ಗಳು ಬಾಕಿ ಇವೆ.