ಬೇಗ ಕೈಬಿಡುವ ಮಕ್ಕಳಿಗೆ ಯಾವ ಚಿತ್ರಪುಸ್ತಕ ಓದಿ ಹೇಳಿದ್ರಿ?

ಮಗಳಿಗೆ ಐದು ವರ್ಷ. ಬ್ಲಾಕ್ಸ್ ಜೋಡಿಸುವಾಗ ಒಂದು ಸಲ ಬಿದ್ದರೆ ಸಾಕು, ಎಲ್ಲಾ ಒದ್ದು ಎದ್ದು ಹೋಗುತ್ತಾಳೆ. ಪಟ್ಟು ಬಿಡದೆ ಮಾಡೋದನ್ನು ಹೇಳಿಕೊಡುವ ಚಿತ್ರಪುಸ್ತಕ ಇದ್ರೆ ತಿಳಿಸಿ. ಉಪದೇಶದ ಪುಸ್ತಕ ಬೇಡ, ಎರಡನೇ ಪುಟಕ್ಕೇ ಮುಚ್ಚಿಬಿಡುತ್ತಾಳೆ.

— ನಿಮ್ಮ ಮಗಳಿಗೆ ಹೇಳಿ ಮಾಡಿಸಿದ್ದು ಆಶ್ಲಿ ಸ್ಪೈರ್ಸ್ ಅವರ ‘ದಿ ಮೋಸ್ಟ್ ಮ್ಯಾಗ್ನಿಫಿಸೆಂಟ್ ಥಿಂಗ್’ (2014). ಒಬ್ಬ ಹುಡುಗಿ, ಅವಳ ನಾಯಿ. ಏನೋ ಒಂದು ಅದ್ಭುತವಾದದ್ದು ಮಾಡ್ಬೇಕು ಅಂತ ಕೂರುತ್ತಾಳೆ, ಆದರೆ ಮಾಡಿದ್ದೆಲ್ಲಾ ಸೊಟ್ಟ. ಕೊನೆಗೆ ಬೆರಳಿಗೆ ಪೆಟ್ಟಾಗಿ, ಸಿಟ್ಟು ನೆತ್ತಿಗೇರಿ, ‘ನಂಗೆ ಬೇಡವೇ ಬೇಡ’ ಅಂತ ಬಿಟ್ಟೇಬಿಡುತ್ತಾಳೆ. ಆ ಸಿಟ್ಟಿನ ಪುಟ ಬಂದಾಗ ನನ್ನ ಮಗ ಪುಸ್ತಕಕ್ಕೆ ಮೂಗು ತಾಗಿಸಿ ನೋಡುತ್ತಾನೆ, ತನ್ನದೇ ಫೋಟೋ ಸಿಕ್ಕಿತೇನೋ ಅನ್ನೋ ಹಾಗೆ! ಆಮೇಲೆ ನಾಯಿ ಜೊತೆ ಒಂದು ಸುತ್ತು ಹೋಗಿ ಬರುತ್ತಾಳೆ. ಬಂದು ನೋಡಿದರೆ ಎಸೆದ ಒಂದೊಂದರಲ್ಲೂ ಯಾವುದೋ ಒಂದು ಭಾಗ ಸರಿಯಾಗೇ ಇದೆ, ಅವನ್ನೇ ಆರಿಸಿ ಮತ್ತೆ ಜೋಡಿಸುತ್ತಾಳೆ. ‘ಸಿಟ್ಟು ಮಾಡ್ಕೋಬೇಡ’ ಅಂತ ಯಾರೂ ಹೇಳಲ್ಲ. ಅದಕ್ಕೇ ನನಗೆ ಇಷ್ಟ.

— ಇನ್ನೂ ಚಿಕ್ಕ ಮಕ್ಕಳಿದ್ದರೆ ರುತ್ ಕ್ರೌಸ್ ಅವರ ‘ದಿ ಕ್ಯಾರೆಟ್ ಸೀಡ್’. 1945ರದ್ದು, ಪುಟಕ್ಕೆ ಒಂದೆರಡು ಸಾಲು ಅಷ್ಟೇ. ಹುಡುಗ ಬೀಜ ಹಾಕುತ್ತಾನೆ, ಅಮ್ಮ, ಅಪ್ಪ, ಅಣ್ಣ ಎಲ್ಲರೂ ‘ಬರಲ್ಲ’ ಅಂತಾರೆ. ಅವನು ಯಾರ ಜೊತೆಗೂ ವಾದಕ್ಕೆ ನಿಲ್ಲದೆ ದಿನಾ ಕಳೆ ಕೀಳುತ್ತಾನೆ, ನೀರು ಹಾಕುತ್ತಾನೆ.

— ಈ ವಿಷಯ ಬಂದರೆ ಎಲ್ಲರೂ ಮೊದಲು ಹೇಳೋದು ಗುಡ್ಡ ಹತ್ತುವ ಪುಟ್ಟ ನೀಲಿ ರೈಲಿನ ಕಥೆ, ‘ದಿ ಲಿಟಲ್ ಇಂಜಿನ್ ದಟ್ ಕುಡ್’. ಕಥೆ ಚೆಂದ, ಬೇಡ ಅನ್ನಲ್ಲ. ಆದ್ರೆ ಗಮನಿಸಿ, ಆ ಇಂಜಿನ್ ‘ನನ್ನಿಂದಾಗುತ್ತೆ’ ಅಂದುಕೊಂಡು ಹೊರಟು ಒಂದೇ ಸಲಕ್ಕೆ ಗುಡ್ಡ ದಾಟಿಬಿಡುತ್ತದೆ. ಅದು ಧೈರ್ಯದ ಕಥೆ. ಸೋತು ಮತ್ತೆ ಕೂತು ಮಾಡುವ ಕಥೆ ಅಲ್ಲ. ‘ನಾನೂ ಹಾಗೇ ಅಂದುಕೊಂಡೆ, ಆದ್ರೂ ಬಿತ್ತಲ್ಲ’ ಅಂತ ಮಗು ಕೇಳಿದ್ರೆ ಏನು ಹೇಳ್ತೀರಿ? ಅದರ ಬದಲು ಎಜ್ರಾ ಜಾಕ್ ಕೀಟ್ಸ್ ಅವರ ‘ವಿಸಲ್ ಫಾರ್ ವಿಲ್ಲಿ’ (1964) ಕೊಡಿ. ಪೀಟರ್ ಅನ್ನೋ ಹುಡುಗನಿಗೆ ತನ್ನ ನಾಯಿಯನ್ನು ಸಿಳ್ಳೆ ಹಾಕಿ ಕರೆಯುವ ಆಸೆ. ಊದುತ್ತಾನೆ, ಊದುತ್ತಾನೆ, ಬರೀ ಗಾಳಿ. ನಡುವೆ ಸುಮ್ನೆ ಆಟ ಆಡಿಕೊಳ್ಳುತ್ತಾನೆ, ಅಪ್ಪನ ಟೋಪಿ ಹಾಕಿಕೊಂಡು ಮತ್ತೆ ಊದುತ್ತಾನೆ. ಓದುವಾಗ ನಮ್ಮನೆ ಮಕ್ಕಳೂ ತುಟಿ ಮುಂದೆ ಮಾಡಿ ಊದಿ ಊದಿ ಪುಟವೆಲ್ಲಾ ಎಂಜಲು ಮಾಡಿದ್ದಾರೆ, ಅದು ಬೇರೆ ಮಾತು.

— ಪುಸ್ತಕ ಯಾವುದೇ ಆಗಲಿ, ಬ್ಲಾಕ್ಸ್ ಬಿದ್ದು ಅಳುತ್ತಿರುವಾಗ ಮಾತ್ರ ತೆಗೆಯಬೇಡಿ. ಆಗ ಎಂಥ ಕಥೆಯೂ ಬೈಗುಳದ ಹಾಗೇ ಕೇಳಿಸುತ್ತದೆ. ಸಮಾಧಾನವಾಗಿ ಮಲಗುವ ಹೊತ್ತಿಗೆ ಓದಿ. ಇಂಗ್ಲಿಷ್ ಸಾಲು ಬಿಟ್ಟು ಚಿತ್ರ ನೋಡಿಕೊಂಡು ಕನ್ನಡದಲ್ಲೇ ಹೇಳಿದರೂ ನಡೆಯುತ್ತದೆ. ಕೆಲಸ ಕೆಟ್ಟುಹೋದ ಪುಟವನ್ನು ಬೇಗ ಮಗುಚದೆ, ‘ಈಗ ಇವಳು ಏನು ಮಾಡ್ತಾಳೆ?’ ಅಂತ ಕೇಳಿ ಸುಮ್ಮನಿರಿ. ‘ನೀನೂ ಹೀಗೇ ಮಾಡ್ಬೇಕು, ಅಲ್ವಾ?’ ಅಂತ ಸೇರಿಸಿದ್ರೋ, ಅದೂ ಉಪದೇಶದ ಪುಸ್ತಕವೇ ಆಯ್ತು!